ಇಂಜಿನ್ನಿಗೆ ಸುರಿದ ಕಾಯಿನೀರು

ಈಗಲೂ ಒಡೆದ ಕಾಯಿಯ ಸಿಹಿ ವಾಸನೆ ಬಂದರೆ ಸಾಕು, ಯಾರದೇ ಗಾಡಿಯಿರಲಿ, ಓಡಿಹೋಗಿ ಬಾನೆಟ್ ಮುಚ್ಚುತ್ತೇನೆ.

ಅವತ್ತು ಆಯುಧಪೂಜೆ. ನನಗೆ ಎಂಟು ವರ್ಷ. ಮುಂಜಾನೆ ಅಪ್ಪ ನಮ್ಮ ಹಳೇ ಕಾರಿನ ಬಾನೆಟ್ ತೆಗೆದು ಕುಂಕುಮ ಹಚ್ಚಿ, ಕಾಯಿ ಒಡೆದು ಒಳಗೆ ಹೋದರು. ಇಂಜಿನ್ನಿಗೂ ತೀರ್ಥ ಸಿಗಲಿ ಅಂತ ನಾನು ಕಾಯಿನೀರನ್ನೆಲ್ಲ ಅದರ ಮೇಲೆ ಸುರಿದೆ.

ಮಧ್ಯಾಹ್ನ ಅವ್ವಗೆ ದಿನ ತುಂಬುವ ಮೊದಲೇ ಹೆರಿಗೆ ಬ್ಯಾನಿ ಶುರುವಾಯಿತು. ನಮ್ಮೂರು ಹೊರ್ತಿಯಿಂದ ಇಂಡಿ ದವಾಖಾನೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕಾರು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಂದಾಗುತ್ತಿತ್ತು. ಜೋಳದ ಹೊಲಗಳ ನಡುವೆ ನಿಂತೇಬಿಟ್ಟಿತು.

ಅಪ್ಪ ಪ್ಲಗ್ ಬಿಚ್ಚಿ ಒರೆಸಿದರು. ಕಾರ್ಬುರೇಟರನ್ನು ಬಾಯಿಂದ ಊದಿದರು, ತುಟಿಗೆಲ್ಲ ಪೆಟ್ರೋಲು.

"ಎಲ್ಲಾ ಬರೋಬರಿ ಐತಿ. ಮತ್ಯಾಕ ಸಾಯಾಕತ್ತೈತಿ ಇದು?"

"ಲಗೂನ ಮಾಡೋ! ಇಕಿ ಕೈ ತಣ್ಣಗಾಗಾಕತ್ತಾವು," ಆಯಿ ಚೀರಿದಳು.

ಕಡೆಗೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಬ್ಬಿಯ ಕರಿ ಮುಚ್ಚಳ ಬಿಚ್ಚಿದರು. ಒಳಗೆ ನೀರಿತ್ತು. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ನನ್ನ ಕಡೆ ನೋಡಿದರು. ಅಂಗಿಯ ತುದಿಯಿಂದ ಒರೆಸಿದರು. ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

ಮೂರನೇ ದಿನ ಅವ್ವ ಬರಿಗೈಯಲ್ಲಿ ಮನೆಗೆ ಬಂದಳು. ಯಾಕ ತಡ ಆತು ಅಂತ ಬಂದವರೆಲ್ಲ ಕೇಳಿದರು.

"ಗಾಡಿ ಹಳೇದೈತ್ರಿ," ಅಂದರು ಅಪ್ಪ. ಅವ್ವಗೂ ಅದನ್ನೇ ಹೇಳಿದರು.