ದಿನಾ ಬೆಳಿಗ್ಗೆ ಎದ್ದು ಬರುತ್ತಿದ್ದ ತಪ್ಪು

ಅರ್ಧ ಓದಿ ಮುಂದಕ್ಕೆ ತಳ್ಳಬೇಡಿ... ಕೊನೆಯಲ್ಲಿರುವ ಪ್ರಶ್ನೆ ನಿಮಗೇ ಇದೆ.

ಹುಬ್ಬಳ್ಳಿಯಲ್ಲೊಂದು ಸಣ್ಣ ಬ್ರೈಲ್ ಮುದ್ರಣಾಲಯ. ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವ ಪುಸ್ತಕಗಳು ಅಲ್ಲಿ ಅಚ್ಚಾಗುತ್ತವೆ.

ಕಾಣುವ ಮಕ್ಕಳಿಗೆ ಗಣಿತದ ಪುಸ್ತಕ ಶಾಲೆ ಶುರುವಾದಾಗಲೇ ಸಿಕ್ಕಿತ್ತು. ಈ ಮಕ್ಕಳಿಗೆ? ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದರೂ ಸಿಕ್ಕಿರಲಿಲ್ಲ. ಅದಕ್ಕಾಗಿ ಯಾರೂ ರಸ್ತೆಗೆ ಇಳಿಯಲಿಲ್ಲ!

ಅಲ್ಲಿ ಕಸ್ತೂರಿ ಬಹಳ ವರ್ಷಗಳಿಂದ ಆಪರೇಟರ್. ಅಕ್ಷರಗಳನ್ನು ಚುಕ್ಕಿಗಳಾಗಿಸುವ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು. ಅಷ್ಟೇ ಹಳೆಯ ಆಪರೇಟಿಂಗ್ ಸಿಸ್ಟಮ್ ಮೇಲೆ ಮಾತ್ರ ಅದು ಓಡುತ್ತಿತ್ತು.

ಒಂದು ದಿನ ಆ ಹಳೆಯ ಕಂಪ್ಯೂಟರ್ ಪೂರ್ತಿ ಕೈಕೊಟ್ಟಿತು...

ಆಗ ಹೊಸದಾಗಿ ಸೇರಿದ್ದ ಮುಬೀನಾ, ಅದರೊಳಗಿದ್ದುದನ್ನೆಲ್ಲ ಇದ್ದ ಹಾಗೆಯೇ ಎತ್ತಿ ಹೊಸ ಕಂಪ್ಯೂಟರಿನೊಳಗೆ ಕೂರಿಸಿದಳು. ಅದಕ್ಕೆ ವರ್ಚುವಲ್ ಮಷೀನ್ ಅಂತಾರೆ. ಹೊಸದರ ಹೊಟ್ಟೆಯಲ್ಲಿ ಹಳೆಯದು ಮತ್ತೆ ಉಸಿರಾಡಿತು.

ಮುದ್ರಣಾಲಯ ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳು ಮುಬೀನಾಳಿಗೆ ಶಾಲು ಹೊದಿಸಿದರು. ಹೊಸ ಸಾಫ್ಟ್‌ವೇರಿಗೆ ದುಡ್ಡಿಲ್ಲ ಎನ್ನುತ್ತಿದ್ದ ಸಂಸ್ಥೆಯ ಬಳಿ ಶಾಲಿಗೆ ದುಡ್ಡಿತ್ತು!

ಕಸ್ತೂರಿ ಚಪ್ಪಾಳೆ ತಟ್ಟಿದಳು. ಒಳಗೆ ಹೊಟ್ಟೆ ಉರಿಯುತ್ತಿತ್ತು.

'ಇಷ್ಟು ವರ್ಷ ಇದನ್ನ ಸಾಕಿದಾಕಿ ನಾನು... ಶಾಲು ಆಕಿಗೆ?'

ಕೊನೆಗೂ ಆ ಗಣಿತದ ಪುಸ್ತಕದ ಕೆಲಸ ಶುರುವಾಯಿತು. ಕಂಪ್ಯೂಟರ್ ಒಂದೇ. ಬೆಳಿಗ್ಗೆ ಮುಬೀನಾ, ಮಧ್ಯಾಹ್ನ ಕಸ್ತೂರಿ. ಬಾಗಿಲಲ್ಲಿ ಎದುರಾದರೂ ಕಸ್ತೂರಿ ಮುಖ ಅತ್ತ ತಿರುಗಿಸುತ್ತಿದ್ದಳು.

ಅಚ್ಚಾದ ಪುಟಗಳ ತಪ್ಪು ಹುಡುಕುವವರು ಫಕ್ಕೀರಪ್ಪ. ಅವರಿಗೂ ಕಣ್ಣು ಕಾಣದು. ಬೆರಳು ಮಾತ್ರ ಬಹಳ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ಕಸ್ತೂರಕ್ಕಾ, ಈ ಲೆಕ್ಕದ ಬ್ರ್ಯಾಕೆಟ್ಟಿನೊಳಗ ಇಪ್ಪತ್ನಾಕು ಇರಬೇಕಿತ್ತು. ನನ್ನ ಬೆರಳಿಗೆ 'ಬದ' ಅಂತ ಸಿಗಾಕತ್ತೈತಿ. ಲೆಕ್ಕದ ಪುಸ್ತಕಾನೋ, ಹೊಲದ ಬದಾನೋ?"

ಬ್ರೈಲಿನಲ್ಲಿ ಅಂಕಿಗೆ ಮುಂದೊಂದು ಗುರುತು ಬೇಕು. ಅದು ಬೀಳದಿದ್ದರೆ ಅಂಕಿ ಅಕ್ಷರವಾಗಿಬಿಡುತ್ತದೆ: ಎರಡು 'ಬ' ಆಗುತ್ತದೆ, ನಾಲ್ಕು 'ದ'. ಕಸ್ತೂರಿ ಹಳೆಯ ಸಾಫ್ಟ್‌ವೇರಿನೊಳಗೆ ಹೋಗಿ ಆ ನಿಯಮವನ್ನು ಸರಿಪಡಿಸಿದಳು. ಅವಳು ತೆಗೆದ ಪುಟಗಳೆಲ್ಲ ಸರಿ ಬಂದವು.

ಮರುದಿನ ಬೆಳಿಗ್ಗೆ ಮುಬೀನಾ ತೆಗೆದ ಪುಟಗಳಲ್ಲಿ ಮತ್ತೆ ಅದೇ ತಪ್ಪು!

"ನಿನ್ನೆ ಸತ್ತ ತಪ್ಪು ಇವತ್ತು ಎದ್ದು ಬಂದೈತಲ್ಲವಾ..." ಎಂದರು ಫಕ್ಕೀರಪ್ಪ.

ಕಸ್ತೂರಿ ಮತ್ತೆ ಸರಿಪಡಿಸಿದಳು. ಬೆಳಗಾದರೆ ಮತ್ತೆ ಅಳಿಸಿರುತ್ತಿತ್ತು. ದಿನಾ ಇದೇ.

ಅವಳಿಗೆ ಖಾತ್ರಿಯಾಯಿತು. 'ಬೇಕಂತನ ಅಳಸಾಕತ್ತಾಳ. ನನ್ನ ಕೆಲಸ ಉಳೀಬಾರ್ದು ಆಕಿಗೆ.'

ಕೇಳಿಬಿಡಬಹುದಿತ್ತು... ಕೇಳಲಿಲ್ಲ. ತಿದ್ದುವುದನ್ನೇ ಬಿಟ್ಟಳು. 'ಕೆಟ್ಟ ಪುಸ್ತಕ ಹೋಗಲಿ. ಶಾಲು ಹೊತ್ತಾಕಿ ಹೆಸರು ಕೆಡಲಿ.'

"ಅಕ್ಕಾ, ಈ ಪುಸ್ತಕ ಹಿಂಗ ಹೋದ್ರ ನಮ್ಮ ಹುಡುಗ್ರು ಫೇಲ್ ಆಗ್ತಾರ. ಆಗ ಊರ ಮಂದಿ, ಪಾಪ, ಕುರುಡ್ರು, ಅವಕ್ಕೆಲ್ಲಿ ಲೆಕ್ಕ ಬರ್ತೈತಿ ಅಂತಾರ."

ಫಕ್ಕೀರಪ್ಪನವರ ಆ ಮಾತು ಚುಚ್ಚಿತು. ಮರುದಿನ ಬೆಳಿಗ್ಗೆಯೇ ಕಸ್ತೂರಿ ಅವರ ಕೈ ಹಿಡಿದು ಕರೆತಂದಳು. ಕಳ್ಳಿಯನ್ನು ಹಿಡಿಯಲು ಸಾಕ್ಷಿ ಬೇಕಲ್ಲ!

ಮುಬೀನಾ ಕಂಪ್ಯೂಟರ್ ಶುರು ಮಾಡಿದಳು. 'ರಿಸ್ಟೋರ್' ಒತ್ತಿದಳು.

"ಸಿಕ್ಕಿಬಿದ್ದಿ ನೋಡು! ನನ್ನ ಕೆಲಸ ಅಳಸಾಕ ದಿನಾ ಇದನ್ನ ಒತ್ತತೀಯಲ್ಲ?"

ಮುಬೀನಾ ಕಂಗಾಲಾದಳು. "ಅಳಸೂದ್ರಿ? ಇದು ಸ್ನ್ಯಾಪ್‌ಶಾಟ್‌ರಿ ಅಕ್ಕಾರ. ಹಳೇ ಸಿಸ್ಟಮ್ಮು ಸುಮ್‌ಸುಮ್ಕ ನಿಂತುಬಿಡ್ತೈತಿ. ಅದಕ್ಕ ದಿನಾ ಬೆಳಿಗ್ಗೆ, ಇಲ್ಲಿಗೆ ತಂದ ದಿನ ಹೆಂಗಿತ್ತೋ ಹಂಗ ವಾಪಸ್ ಮಾಡ್ತೀನ್ರಿ. ನಡುವ ಏನು ಬದಲು ಮಾಡಿದ್ರೂ ಹೋಗಿಬಿಡ್ತೈತಿ."

"ಮತ್ತ ನಾ ತಿದ್ದಿದ್ದು?"

"ನೀವು ಒಳಗ ಹೋಗಿ ತಿದ್ದೀರಿ ಅಂತ ನಂಗ ಗೊತ್ತs ಇಲ್ಲರಿ... ಅಷ್ಟು ವರ್ಷ ನೀವು ಜೋಪಾನ ಮಾಡಿದ್ದು. ನನ್ನ ಕೈಯಾಗ ಕೆಟ್ರ ನಿಮ್ಮ ಮುಂದ ಹೆಂಗ ನಿಂದರ್ಲಿ?"

ಪರದೆಯ ಮೇಲೆ ಹಳೆಯ ಸಿಸ್ಟಮ್ ತೆರೆದುಕೊಂಡಿತು. ಕಸ್ತೂರಿ ಜೋಡಿಸಿಟ್ಟಿದ್ದ ಫೋಲ್ಡರುಗಳು, ಅವಳು ಎಂದೋ ಹಾಕಿದ್ದ ಸೂರ್ಯಕಾಂತಿಯ ಚಿತ್ರ... ಒಂದೂ ಅಲುಗಿರಲಿಲ್ಲ.

"ಹಂಗಾದ್ರ ನಿನ್ನ ಪುಟದಾಗ ತಪ್ಪು ಬರ್ತಿದ್ದಾಗ ನನ್ನ ಯಾಕ ಕೇಳಲಿಲ್ಲ?"

ಮುಬೀನಾ ತಲೆ ತಗ್ಗಿಸಿದಳು. "ಫಕ್ಕೀರಪ್ಪಣ್ಣಾರು ದಿನಾ, ಕಸ್ತೂರಕ್ಕನ ಪುಟ ಮುತ್ತು ಇದ್ದಂಗ ಅದಾವು ಅಂತಿದ್ರು... ನಂಗೂ ಹೊಟ್ಟಿಕಿಚ್ಚು ಆತ್ರಿ."

ಕಸ್ತೂರಿಗೆ ಕಣ್ಣು ತುಂಬಿ ಬಂತು.

"ಭೇಷ್!" ಎಂದರು ಫಕ್ಕೀರಪ್ಪ. "ಒಂದs ಕುರ್ಚಿ, ಒಂದs ಶಾಲು ಕೊಟ್ಟು ಮ್ಯಾಲಿನವರು ಆರಾಮ ಕುಂತಾರ. ಕಣ್ಣಿದ್ದ ನೀವಿಬ್ಬರು ಒಬ್ಬರ ಮಾರಿ ಒಬ್ಬರು ನೋಡಲಿಲ್ಲ. ಸಾಕು, ಈಗರ ಕೆಲಸ ಹಚ್ಚರಿ!"

ಕಸ್ತೂರಿ ನಿಯಮ ತಿದ್ದಿದಳು. ಮುಬೀನಾ ಅಲ್ಲೇ ಹೊಸ ಸ್ನ್ಯಾಪ್‌ಶಾಟ್ ತೆಗೆದಳು. ಇನ್ನು ದಿನಾ ಬೆಳಿಗ್ಗೆ ವಾಪಸ್ ಹೋಗುವುದು ಈ ತಿದ್ದಿದ ಸ್ಥಿತಿಗೇ. ಆ ಸ್ನ್ಯಾಪ್‌ಶಾಟಿಗೊಂದು ಹೆಸರು ಕೊಡಬೇಕಿತ್ತು.

"ನೀವs ಬರೀರಿ ಅಕ್ಕಾರ," ಎಂದು ಕೀಬೋರ್ಡ್ ಸರಿಸಿದಳು.

ಕಸ್ತೂರಿ ಟೈಪ್ ಮಾಡಿದಳು... 'ಇಬ್ಬರದು'.

ಕೆಟ್ಟ ಪುಟಗಳನ್ನೆಲ್ಲ ಇಬ್ಬರೂ ಕೂತು ಮತ್ತೆ ತೆಗೆದರು. ಪರೀಕ್ಷೆಗೆ ಮುಂಚೆಯೇ ಪುಸ್ತಕ ಮಕ್ಕಳ ಬೆರಳಿಗೆ ಸಿಕ್ಕಿತು.

ಕೊನೆಯ ಪುಟದ ಮೇಲೆ ಬೆರಳಾಡಿಸುತ್ತ ಫಕ್ಕೀರಪ್ಪ ನಕ್ಕರು. "ಇಪ್ಪತ್ನಾಕು ಇಪ್ಪತ್ನಾಕs ಐತಿ. ಬದ ಹೊಲಕ್ಕ ಹೋತು!"

ಹೊಟ್ಟೆಕಿಚ್ಚು ನಮ್ಮನ್ನು ದಿನಾ ಬೆಳಿಗ್ಗೆ ನೋವಾದ ಅದೇ ಹಳೆಯ ದಿನಕ್ಕೆ ವಾಪಸ್ ಒಯ್ಯುತ್ತದೆ; ನಡುವೆ ನಡೆದ ಒಳ್ಳೆಯದೆಲ್ಲ ಅಳಿಸಿಹೋಗುತ್ತದೆ.

ಇವತ್ತು ಬೆಳಿಗ್ಗೆ ನೀವು ಯಾರ ಮೇಲಿನ ಹೊಟ್ಟೆಕಿಚ್ಚಿನಿಂದ, ಯಾವ ಹಳೆಯ ದಿನವನ್ನು ಮತ್ತೆ ಶುರು ಮಾಡಿಕೊಂಡು ಎದ್ದಿರಿ?