ಎಷ್ಟು ಲೋಡು?

"ಅಪ್ಪಾ, ನೀನೇ ಹೇಳು. ಎಷ್ಟು ಲೋಡು ಆಗುತ್ತೆ?" ಎಂದಳು ಕ್ಯಾರಿಸ್.

ಐವರ್ ಪ್ರೋಬರ್ಟ್ ತಲೆಯೆತ್ತಿ ಮರಗಳನ್ನು ನೋಡಿದ. ಮಿಸ್ ಬೆಡೋಸ್ ಅವರ ಹೊಲದಂಚಿಗೆ ಒಂಬತ್ತು ಆ್ಯಶ್ ಮರಗಳು ಸಾಲಾಗಿ ನಿಂತಿದ್ದವು. ಸೀಮೆಯ ಆ್ಯಶ್ ಮರಗಳಿಗೆಲ್ಲ ಹತ್ತಿದ ರೋಗ ಇವಕ್ಕೂ ಹತ್ತಿ, ಕಳೆದ ಬೇಸಿಗೆಯಲ್ಲೂ ನೆತ್ತಿಯ ಕಡೆ ಒಂದೆಲೆ ಚಿಗುರಿರಲಿಲ್ಲ. ಉರುಳಿಸದೆ ಬೇರೆ ದಾರಿಯಿಲ್ಲ. ಮರ ಕಡಿಯುವ, ಸವರುವ ಕಸುಬಿನ ಈ ಅಪ್ಪ ಮಗಳಿಗೆ ಈ ಚಳಿಗಾಲದಲ್ಲಿ ಸಿಗುವ ದೊಡ್ಡ ಕೆಲಸ ಇದೇ. ಕಡಿದ ಮರ ಸಾಗಿಸುವ ಲೋಡು ಇಷ್ಟು ಎಂದ ಮೇಲೆಯೇ ದರ. ಆದರೆ ಇವತ್ತು ಆ ಮಾತಿನ ಮೇಲೆ ಗೇಟಿನ ಹೊರಗೆ ನಿಂತಿದ್ದ ಲಾರಿಯ ಹಣೆಬರಹವೂ ನಿಂತಿತ್ತು.

ಏಳೂವರೆ ಟನ್ನಿನ ಆ ಲಾರಿಯನ್ನು ಓಡಿಸುವ ಹಕ್ಕು ಐವರ್‌ಗೆ ಮಾತ್ರ. ಅವನ ಕಾಲದಲ್ಲಿ ಕಾರಿನ ಪರೀಕ್ಷೆ ಪಾಸಾದರೆ ಅಷ್ಟು ದೊಡ್ಡ ಲಾರಿಯ ಲೈಸೆನ್ಸೂ ಜೊತೆಗೇ ಬರುತ್ತಿತ್ತು. ಮಗಳ ಕಾಲಕ್ಕೆ ಆ ನಿಯಮ ಹೋಯಿತು. ಮಂಡಿ ಕೈಕೊಟ್ಟು ಮರ ಹತ್ತುವುದು ನಿಂತ ಮೇಲೆ ಅವನಿಗೆ ಉಳಿದ ಕೆಲಸ ಆ ಸ್ಟಿಯರಿಂಗ್ ಒಂದೇ. ಮುಂದಿನ ತಿಂಗಳು ಎಪ್ಪತ್ತು ತುಂಬುತ್ತದೆ. ಆಮೇಲೂ ಲಾರಿ ಓಡಿಸಬೇಕೆಂದರೆ ಡಾಕ್ಟರ ಸರ್ಟಿಫಿಕೇಟು ಬೇಕು. ಕ್ಯಾರಿಸ್ ಹೆರೆಫರ್ಡ್‌ನಲ್ಲಿ ತಾನೇ ಓಡಿಸಬಹುದಾದ ಚಿಕ್ಕ ಗಾಡಿಯೊಂದನ್ನು ನೋಡಿಟ್ಟಿದ್ದಳು. ಲೋಡು ಜಾಸ್ತಿಯಾದರೆ ಲಾರಿ ಇರಲಿ, ಅಪ್ಪ ಡಾಕ್ಟರ ಹತ್ತಿರ ಹೋಗಲಿ. ಕಡಿಮೆಯಾದರೆ ಲಾರಿ ಮಾರಿ ಚಿಕ್ಕದನ್ನು ಕೊಳ್ಳುವುದು. ಬರುವಾಗ ದಾರಿಯಲ್ಲೇ ಇಬ್ಬರೂ ಒಪ್ಪಿಕೊಂಡಿದ್ದರು.

"ನಿಮ್ಮ ಮನೆಯವರು ಇದ್ದಿದ್ರೆ ಇಷ್ಟೊತ್ತಿಗೆ ಬಗ್ಗಿಬಿಡೋರು," ಎಂದರು ಪಕ್ಕದಲ್ಲೇ ನಿಂತಿದ್ದ ಮಿಸ್ ಬೆಡೋಸ್. "ಮೂವತ್ತು ವರ್ಷದ ಹಿಂದೆ ಇದೇ ಮರಗಳನ್ನ ಸವರೋಕೆ ದರ ಹೇಳೋದಕ್ಕೆ ಬಂದಿದ್ರಲ್ಲ. ನಾನು ಪಾಪ, ಹೊಟ್ಟೆನೋವು ಬಂತೇನೋ ಅಂತ ನೀರು ತಗೊಂಡು ಓಡಿಬಂದಿದ್ದೆ!"

ಐವರ್‌ಗೆ ನಗು ತಡೆಯಲಾಗಲಿಲ್ಲ. ಮರಕ್ಕೆ ಬೆನ್ನು ಮಾಡಿ ದೂರ ನಡೆಯುತ್ತ, ಅಲ್ಲಲ್ಲಿ ನಿಂತು, ಸೊಂಟ ಬಗ್ಗಿಸಿ ಕಾಲುಗಳ ಸಂದಿಯಿಂದ ಹಿಂದಕ್ಕೆ ನೋಡುವುದು ತೀರಿಹೋದ ಹೆಂಡತಿ ಮೆರಿಯಲ್‌ಳ ಪದ್ಧತಿ. ಎಲ್ಲಿಂದ ಮರದ ತುದಿ ಕಂಡಿತೋ, ಅಲ್ಲಿಂದ ಬುಡಕ್ಕೆ ಇರುವ ದೂರವೇ ಮರದ ಎತ್ತರ.

"ದೊಡ್ಡ ದೊಡ್ಡವರ ತೋಟದಲ್ಲೂ ಹಿಂಗೇ ಬಗ್ಗೋಳು. ಮಾನ ಹೋಗ್ತಿದ್ದದ್ದು ನಂದು," ಎಂದ. "ಆದ್ರೆ ಒಂದು ಮೊಳ ಆಚೀಚೆ ಆಗ್ತಿರಲಿಲ್ಲ."

ಹೇಳುತ್ತಿದ್ದಂತೆ ಆ ಕಾಲ ನೆನಪಾಯಿತು. ಕೊಂಬೆಯ ಮೇಲೆ ತಾನು, ಕೆಳಗೆ ಹಗ್ಗ ಹಿಡಿದ ಅವಳು. ಸಂಜೆ ಲಾರಿಯೊಳಗೆ ಮರದ ಪುಡಿ ಉದುರಿಸಿಕೊಳ್ಳುತ್ತ ಹಂಚಿಕೊಂಡ ಚೀಸು, ಬ್ರೆಡ್ಡು. ಆ ದಿನಗಳು ಬೇಕೇ ಬೇಕು ಅನಿಸಿತು. ಲಾರಿಯೂ ಹೋದರೆ ಅವಳು ಕೂತಿದ್ದ ಸೀಟೂ ಹೋಗುತ್ತದೆ. ಆಮೇಲೆ ಬೆಳಗ್ಗೆ ಎದ್ದು ತಾನು ಎಲ್ಲಿಗೆ ಹೋಗಬೇಕು?

ಅವನು ಒಂದೊಂದೇ ಮರವನ್ನು ಕಣ್ಣಲ್ಲೇ ಉರುಳಿಸಿ, ಕಡಿದು, ತುಂಬಿದ. ಲಾರಿಗೆ ಆರು ಲೋಡು. ಚಿಕ್ಕ ಗಾಡಿಗೆ ಹದಿನಾಲ್ಕಕ್ಕೆ ಕಡಿಮೆಯಿಲ್ಲ. ಅಷ್ಟು ಸಲ ಓಡಾಡಿದರೆ ಡೀಸೆಲ್ಲಿಗೇ ಲಾಭವೆಲ್ಲ ಹೋಗುತ್ತದೆ. ಲಾರಿ ಗೆದ್ದಿತ್ತು. ಹೇಳಬೇಕೆಂದು ತಿರುಗಿದವನಿಗೆ ಮಿಸ್ ಬೆಡೋಸ್ ಅವರ ಬೂಟುಗಳು ಕಂಡವು. ಕಣಕಾಲಿನವರೆಗೆ ಕೆಸರು. ಗೇಟಿನಿಂದ ಮನೆಬಾಗಿಲವರೆಗೂ ದಾರಿ ಕಲಸಿದ ಹಿಟ್ಟಿನಂತೆ ಆಗಿತ್ತು. ಮಗಳು ಅದನ್ನು ಗಮನಿಸಿರಲಿಲ್ಲ. ಐವರ್ ಸುಮ್ಮನಿದ್ದರೆ ಸಾಕಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಮಿಸ್ ಬೆಡೋಸ್, ಒಲೆಗೆ ಸೌದೆ ದುಡ್ಡು ಕೊಟ್ಟು ತರ್ತೀರಾ?" ಎಂದು ಕೇಳಿದ.

"ಮತ್ತೆ? ಆಕಾಶದಿಂದ ಬೀಳುತ್ತಾ?"

"ಹಂಗಾದ್ರೆ ಬೊಡ್ಡೆಯೆಲ್ಲ ಇಲ್ಲೇ ಸೀಳಿ ಒಟ್ಟಿಬಿಡ್ತೀವಿ. ರೆಂಬೆಗಳನ್ನ ಪುಡಿ ಮಾಡಿ ಈ ದಾರಿಗೆ ಹರಡ್ತೀವಿ. ನಿಮಗೆ ಕೆಸರೂ ತಪ್ಪುತ್ತೆ, ದರಾನೂ ಇಳಿಯುತ್ತೆ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತಪ್ಪ ನಿಮಗೆ!" ಎಂದು ಮಿಸ್ ಬೆಡೋಸ್ ಖುಷಿಯಿಂದ ಚಹಾ ತರಲು ಒಳಗೆ ಹೋದರು.

ಕ್ಯಾರಿಸ್ ದರದ ಚೀಟಿ ಬರೆಯುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. "ಅಪ್ಪಾ, ಹಂಗಾದ್ರೆ ಲೋಡು?"

"ಲೋಡೇ ಇಲ್ಲ ಕಣೆ. ಎಲ್ಲ ಕಡೇನೂ ಹಿಂಗೇ ಕೇಳ್ನೋಡು, ಅರ್ಧಕ್ಕರ್ಧ ಜನ ಒಪ್ತಾರೆ. ನಿನಗೆ ಚಿಕ್ಕ ಗಾಡಿ ಸಾಕು."

"ನೀನು ಬಾಯಿ ಮುಚ್ಕೊಂಡಿರಬಹುದಿತ್ತು."

"ದರ ಹೇಳೋಕೆ ಬಂದ ಕಡೆ ಸುಳ್ಳು ಹೇಳಿದ್ರೆ ನಿಮ್ಮಮ್ಮ ಎದ್ದು ಬಂದು ಬೈತಾಳೆ. ಬರ್ಕೋ, ಬರ್ಕೋ."

ಚಹಾ ಕುಡಿದು ಇಬ್ಬರೂ ಲಾರಿ ಹತ್ತಿ ವಾಪಸು ಹೊರಟರು. ಆ ಸೀಮೆಯ ಕಿರುದಾರಿಗಳಿಗೆಲ್ಲ ಎರಡೂ ಕಡೆ ಆಳೆತ್ತರದ ಗಿಡಬೇಲಿ. ಕಾರಿನಲ್ಲಿ ಹೋಗುವವರಿಗೆ ಕಾಣುವುದು ಬೇಲಿಯೊಂದೇ. ಲಾರಿಯ ಎತ್ತರದಲ್ಲಿ ಕೂತ ಐವರ್‌ಗೆ ಮಾತ್ರ, ನಲವತ್ತು ವರ್ಷದಿಂದ ತಾನು ಹತ್ತಿ ಇಳಿದ ಓಕ್, ಬೀಚ್, ಲೈಮ್ ಮರಗಳು ಬೇಲಿಯ ಆಚೆ ಒಂದಾದ ಮೇಲೊಂದು ಕಾಣುತ್ತಿದ್ದವು.

"ಹೊಸ ಗಾಡಿ ಎಷ್ಟು ಎತ್ತರ ಇದೆ?" ಎಂದು ಕೇಳಿದ.

"ಕಾರಿಗಿಂತ ಒಂದು ಗೇಣು ಜಾಸ್ತಿ ಇರಬಹುದು."

"ಬೇಲಿ ಆಚೆ ಕಾಣುತ್ತಾ?"

ಕ್ಯಾರಿಸ್ ಪಕ್ಕದ ಬೇಲಿಯ ಎತ್ತರವನ್ನು ಕಣ್ಣಲ್ಲೇ ಅಳೆದಳು.

"ಇಲ್ಲಪ್ಪ."

ಐವರ್ ಗೇರು ಇಳಿಸಿದ. ಹಿಂದಿನಿಂದ ಕಾರೊಂದು ಹಾರ್ನು ಬಾರಿಸಿತು, ಮತ್ತೊಂದು ಸಲ ಬಾರಿಸಿತು. ಅವನು ಬೇಲಿಯಾಚೆ ನೋಡುತ್ತ, ನಡೆದು ಹೋಗುವವರ ವೇಗದಲ್ಲಿ ಲಾರಿ ಬಿಟ್ಟ.