ಮೂರು ಬೆರಳಿನ ವಿಭೂತಿ

"ಅತ್ತೆ, ಕೈ ತೆಗೀರಿ!" ಶೈಲಾ ಕೂಗುವಷ್ಟರಲ್ಲಿ ಹೊನ್ನವ್ವ ಕರಿ ಕಾರಿನ ಬಾನೆಟ್ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಾಗಿತ್ತು. ಸೊಸೆಯ ದನಿಗೆ ಹೆದರಿ ಸೆರಗಿನಿಂದ ಉಜ್ಜಿಯೂ ಬಿಟ್ಟಳು.

ಬಾನೆಟ್ಟಿಗೆ ಟೇಪು ಅಂಟಿಸಿ, ಮೂರು ಪಟ್ಟೆಗೆ ಮೂರು ಬಗೆಯ ಗ್ಲೇಜ್ ಲೇಪ ಹಾಕಿದ್ದಳು ಶೈಲಾ. ಹೊಳಪು ಅಳೆಯುವ ಮೀಟರಿನಲ್ಲಿ ತೊಂಬತ್ತು ದಾಟಿದರೆ ಶೋರೂಮಿನ ಹೊಸ ಕಾರುಗಳ ಪಾಲಿಶ್ ಕೆಲಸ ಅವಳಿಗೆ. ಇಲ್ಲದಿದ್ದರೆ ಲಗ್ಗೆರೆಯ ಈ ಶೆಡ್ಡಿಗೆ ಬೀಗ. ಎರಡು ಪಟ್ಟೆ ತೊಂಬತ್ತು ಮುಟ್ಟಿರಲಿಲ್ಲ. ಮೂರನೆಯದು ತೊಂಬತ್ತೈದು ಬಂದಿತ್ತು. ಈಗ ಅದೇ ಪಟ್ಟೆಯಲ್ಲಿ ಬೂದಿಯ ಗೀರು, ಮೀಟರಿನಲ್ಲಿ ಎಂಬತ್ತೊಂದು. ಶೋರೂಮಿನ ರುದ್ರಮುನಿ ಆಗಲೇ ಬಾಗಿಲಲ್ಲಿದ್ದರು.

"ಸಾರ್, ಒಂದರ್ಧ ಗಂಟೆ ಕೊಡಿ, ಮತ್ತೆ ಹಾಕ್ತೀನಿ." ಶೈಲಾ ಪಾಲಿಶ್ ಬಟ್ಟೆ ಕೈಗೆತ್ತಿಕೊಂಡಳು.

"ಒಳ್ಳೇದಾಗ್ಲಿ ಅಂತ ಹಚ್ಚಿದೆ ಸ್ವಾಮಿ," ಎಂದಳು ಹೊನ್ನವ್ವ.

ರುದ್ರಮುನಿ ಗೀರನ್ನು ಉಗುರಿನಿಂದ ಮುಟ್ಟಿ ನೋಡಿದರು. "ನಮ್ ಕಸ್ಟಮರ್ಸೂ ಗಾಡಿ ತಗೊಂಡ ತಕ್ಷಣ ಇದನ್ನೇ ಮಾಡೋದು ಕಣಮ್ಮಾ. ಆಮೇಲೆ ಗೀರು ಬಿತ್ತು ಅಂತ ಬಂದು ನಮ್ಮನ್ನ ಬೈತಾರೆ. ಹೊಳಪು ಚೂರು ಕಮ್ಮಿ ಇದ್ರೂ ಪರ್ವಾಗಿಲ್ಲ, ವಿಭೂತಿ ಉಜ್ಜಿದ್ರೆ ತಡ್ಕೋಬೇಕು. ಅಜ್ಜಿ, ಉಳಿದ ಎರಡಕ್ಕೂ ಹಚ್ಚಿ ಒರೆಸಿ, ಅಳೆಯೋಣ."

ಹೊನ್ನವ್ವ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಶೈಲಾ ಆ ಕೈಯನ್ನು ಹುಡುಕಿ ಹಿಡಿದು, ವಿಭೂತಿಯಲ್ಲಿ ಅದ್ದಿ, ತಾನೇ ಬಾನೆಟ್ ಮೇಲಿಟ್ಟಳು.